ಬೀಗರು ಬಿಟ್ಟೆದ್ದ ಕಟ್ಟಿನ ಸಾರು

ಕುಲಗೋಡ
ತಾ. ೨೩-೪-೨೦೨೪, ಮಂಗಳವಾರ

ಚಿ. ಸೌ. ಮಾಲಾಳಿಗೆ,

ನಿನ್ನ ಅತ್ತೆ ಸಾವಂತ್ರೆವ್ವ ಬರೆಯುವುದು. ಮೊದಲ ಸಾಲಿನಲ್ಲಿ ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಬರೆದೆ, ಆಮೇಲೆ ಹೊಡೆದುಹಾಕಿದೆ. ಮೇಲೆ ಕಾಣುವ ಗೀಟು ಅದೇ. ನಾಲ್ಕನೇ ಇಯತ್ತೆಯ ಅರ್ಧಕ್ಕೆ ನನ್ನನ್ನು ಬಿಡಿಸಿದರು, ತಮ್ಮ ಹುಟ್ಟಿದ್ದ, ಅವನನ್ನು ಎತ್ತಿಕೊಳ್ಳುವವರು ಬೇಕಿತ್ತು. ಎರಡು ವರ್ಷ ಬಿಟ್ಟು ಮತ್ತೆ ಕಳಿಸಿದರು, ಮತ್ತೆ ಬಿಡಿಸಿದರು. ನೀನು ಪಿಯುಸಿ ಮುಗಿಸಿದವಳು, ಒತ್ತಕ್ಷರ ತಪ್ಪಿದ್ದರೆ ನೀನೇ ಸರಿ ಮಾಡಿಕೊಂಡು ಓದು.

ಫೋನ್ ಇರುವಾಗ ಪತ್ರ ಯಾಕೆ ಅಂತೀಯೇನೋ. ನೀನು ಹೋಗಿ ಹತ್ತು ದಿನ. ಅಷ್ಟರಲ್ಲಿ ಮೂರು ಸಲ ನಿನಗೆ ಫೋನ್ ಹಚ್ಚಿಸಿದೆ. ಮೂರು ಸಲವೂ "ಊಟ ಆತೇನವಾ" ಅಂತ ಕೇಳಿದೆ, ನೀನು "ಆತ್ರಿ ಅತ್ತಿ" ಅಂದಿ, ಇಟ್ಟುಬಿಟ್ಟೆ. ಫೋನು ನಿನ್ನ ಗಂಡ ಬಾಳೇಶನದು. ಅವನು ಎದುರಿಗೇ ಕೂತು ದನಿ ಎಲ್ಲರಿಗೂ ಕೇಳುವಂತೆ ಮಾಡಿರುತ್ತಾನೆ. ನಿಮ್ಮ ಮಾವ ಟಿವಿ ಸಣ್ಣ ಮಾಡಿ ಕಿವಿ ಇಡುತ್ತಾರೆ. ಇವರ ಮುಂದೆ ಹೇಳುವ ಮಾತಲ್ಲ ಅದು. ನಾಡಿದ್ದು ನಮ್ಮ ಓಣಿಯ ಯಲ್ಲಾರಿ ಹುಕ್ಕೇರಿಯ ಕಡೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಪತ್ರವನ್ನೂ ಒಂದು ಬುತ್ತಿಯನ್ನೂ ಕೊಡುತ್ತೇನೆ. ಅವನಿಗೆ ಓದಲು ಬರುವುದಿಲ್ಲ, ಅದೊಂದು ಸಮಾಧಾನ.

ನೀನು ಹೋದ ದಿನ ಗೋಕಾಕದಲ್ಲಿ ಮುಂದಿನ ಬಸ್ಸು ಕೂಡಲೇ ಸಿಕ್ಕಿತೋ ಇಲ್ಲವೋ, ಸೀಟು ಸಿಕ್ಕಿತೋ, ನಿಂತೇ ಹೋದಿಯೋ, ಯಾರೂ ಹೇಳಲಿಲ್ಲ. ಅಲ್ಲಿಯ ನೀರು ನಿನಗೆ ಈಗ ಆಗಿಬರುತ್ತದೋ ಏನೋ. ತವರೂರಿನ ನೀರೇ, ಆದರೂ ಮೂರು ವರ್ಷ ಬಿಟ್ಟಿದ್ದಿ. ಕಾಸಿ ಆರಿಸಿ ಕುಡಿ. ನೋಡು, ಬೇರೆ ಏನೇನೋ ಬರೆಯುತ್ತಿದ್ದೇನೆ. ಮಾತಿನ ಹತ್ತಿರ ಹೋಗಲು ಹೆದರಿಕೆ.

ಆ ಊಟದ ಮಾತು.

ನಿನ್ನ ನಾದಿನಿ ಭಾಗ್ಯಾಳ ಸಂಬಂಧ ಪಕ್ಕಾ ಮಾಡಲು ಮೂಡಲಗಿಯ ಬೀಗರು ಬರುವವರಿದ್ದರು, ಹದಿನೆಂಟು ಮಂದಿ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ ಅಂತ ಗೊತ್ತು ಮಾಡಿದವಳು ನಾನು. ಬೇಳೆಯನ್ನು ಹಿಂದಿನ ದಿನ ಸಂಜೆಯೇ ಬೇಯಿಸಿ ಬಸಿದಿಡೋಣ, ಬೆಳಿಗ್ಗೆ ಹೂರಣ ರುಬ್ಬಲು ಹಗುರಾಗುತ್ತದೆ ಅಂದವಳೂ ನಾನೇ. ಬಸಿದ ಕಟ್ಟಿನ ಪಾತೇಲಿ ಕೈಯಲ್ಲಿ ಹಿಡಿದು ನೀನು, "ಫ್ರಿಜ್ಜಿನ್ಯಾಗ ಇಡೋಣ್ರಿ ಅತ್ತಿ, ಝಳ ಭಾಳ ಐತಿ" ಅಂದಿ. ನಾನು ಏನಂದೆ ನೆನಪಿದೆಯಲ್ಲ. "ಫ್ರಿಜ್ಜಿನ್ಯಾಗ ಇಟ್ಟ ಕಟ್ಟಿನ ಸಾರ ಸಾರಲ್ಲ, ಬಣ್ಣದ ನೀರ" ಅಂದೆ. ಮುಚ್ಚಿ ಒಲೆಯ ಮಗ್ಗುಲಲ್ಲೇ ಇಡಿಸಿದೆ.

ಬೆಳಿಗ್ಗೆ ಹೋಳಿಗೆ ಲಟ್ಟಿಸಲು ಬಾಜೂ ಮನೆಯ ರಾಮವ್ವ ಇನ್ನಿಬ್ಬರನ್ನು ಕರೆದುಕೊಂಡು ಬಂದಿದ್ದಳು. ನೀನು ಪಾತೇಲಿಯ ಮುಚ್ಚಳ ತೆಗೆದೆ. "ಅತ್ತಿ, ಇದರ ವಾಸನಿ ಬ್ಯಾರೆ ಬರಾಕತ್ತೈತ್ರಿ. ಚೆಲ್ಲಿ, ಬ್ಯಾರೆ ಬ್ಯಾಳಿ ಇಟ್ಟ ಸಾರ ಮಾಡ್ಲೇನ್ರಿ?" ಅಂದಿ. ರಾಮವ್ವನ ಲಟ್ಟಣಿಗೆ ನಿಂತಿತು. "ಏನವಾ ಸಾವಂತ್ರೆವ್ವ, ನಿನಗ ಅಡಗಿ ಕಲಿಸಾಕ ಹುಕ್ಕೇರಿಯಿಂದ ಮಾಸ್ತರಬಾಯಿ ಬಂದಾಳಲ್ಲ!" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪಾತೇಲಿಯ ಮೇಲೆ ಬಗ್ಗಿ ಉದ್ದಕ್ಕೆ ಉಸಿರೆಳೆದು, "ಏನೂ ಆಗಿಲ್ಲ. ಕಟ್ಟಿನ ವಾಸನಿ ಹಂಗ ಇರತೈತಿ. ಒಗ್ಗರಣಿ ಹಾಕ ನೀ" ಅಂದೆ.

ನಾಲಿಗೆಗೆ ಒಂದು ಹನಿ ಬಿಟ್ಟುಕೊಂಡಿದ್ದರೆ ಹಳಸಿದ್ದು ತಿಳಿಯುತ್ತಿತ್ತು. ನಾಲಿಗೆ ಇನ್ನೂ ಹುಳಿ, ಉಪ್ಪು ಹೇಳುತ್ತದೆ. ಆದರೆ ದೇವರಿಗೆ ಎಡೆ ಆಗುವ ಮೊದಲು ನಮ್ಮ ಮನೆಯಲ್ಲಿ ಯಾರೂ ರುಚಿ ನೋಡುವ ಹಾಗಿಲ್ಲ, ಮೂಸಿಯೇ ಉಪ್ಪು ಖಾರ ಹೇಳಬೇಕು. ಊರಿನವರು ಮದುವೆ ಅಡಿಗೆಗೆ ನನ್ನನ್ನು ಕರೆಯುತ್ತಿದ್ದದ್ದೇ ಈ ಮೂಗಿಗಾಗಿ. ಹೂರಣ ಹದಕ್ಕೆ ಬಂದದ್ದನ್ನು ಸಾವಂತ್ರೆವ್ವ ಬಾಗಿಲಲ್ಲಿ ನಿಂತೇ ಹೇಳುತ್ತಾಳೆ ಅನ್ನುತ್ತಿದ್ದರು.

ಮಾಲಾ, ಅವತ್ತು ನನಗೆ ಯಾವ ವಾಸನೆಯೂ ಬರಲಿಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಹಿತ್ತಲಿನ ಗೋಡೆ ಮೂಸಿದ ಹಾಗೆ.

ಅವತ್ತೇ ಗೊತ್ತಾಯಿತು ಅಂತ ಬರೆಯಬೇಕೆಂದು ಕೂತಿದ್ದೆ. ಅದೂ ಸುಳ್ಳಾಗುತ್ತದೆ. ದೀಪಾವಳಿಗೆ ನನಗೆ ನೆಗಡಿ ಜ್ವರ ಬಂದಿತ್ತಲ್ಲ, ಜ್ವರ ಹೋಗುವಾಗ ಮೂಗನ್ನೂ ಒಯ್ದಿತು. ಇಂದು ಬಂದೀತು, ನಾಳೆ ಬಂದೀತು ಅಂತ ದಿನಾ ಬೆಳಿಗ್ಗೆ ಎದ್ದು ಬೆಳ್ಳುಳ್ಳಿ ಜಜ್ಜಿ ಮೂಸುತ್ತಿದ್ದೆ. ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಡಿಗೆಮನೆಯಿಂದ ಎಬ್ಬಿಸುತ್ತೀರಿ ಅಂತ ಹೆದರಿದೆ.

ಆ ಹೆದರಿಕೆ ಎಲ್ಲಿಂದ ಬಂತು ಅನ್ನುವುದನ್ನೂ ಹೇಳುತ್ತೇನೆ. ನಮ್ಮತ್ತೆಗೆ ಕಣ್ಣಿಗೆ ಪೊರೆ ಬಂದಾಗ ಒಮ್ಮೆ ಅನ್ನದಲ್ಲಿ ಹರಳು ಸಿಕ್ಕಿತು. ಬಂದ ನೆಂಟರ ಮುಂದೆಯೇ ನಾನು ಆಕೆಯ ಕೈಯಿಂದ ಸೌಟು ಇಸಿದುಕೊಂಡು, "ಇನ್ನ ನೀವು ಸುಮ್ಮ ಕೂಡ್ರಿ" ಅಂದೆ. ಆಗ ನನಗೆ ನಿನ್ನ ವಯಸ್ಸು. ಆಕೆ ಸಾಯುವ ತನಕ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿದಳು. ಒಳಗೆ ಒಗ್ಗರಣೆ ಸಿಡಿದಾಗೆಲ್ಲ ತಿರುಗಿ ನೋಡುತ್ತಿದ್ದಳು. ನಾನು ಆ ಕಟ್ಟೆಯ ಕಡೆ ನೋಡಿಕೊಂಡೇ ಐದು ತಿಂಗಳು ಅಡಿಗೆ ಮಾಡಿದೆ.

ಊಟಕ್ಕೆ ಕೂತ ಮೇಲಿನದು ನಿನ್ನ ಕಣ್ಣೆದುರೇ ಆಯಿತು. ಹುಡುಗನ ತಾಯಿ ದ್ರಾಕ್ಷಾಯಿಣಿ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು, ಮಗ್ಗುಲಿನವಳ ಮುಖ ನೋಡಿ, ತಾಟು ಮುಂದಕ್ಕೆ ಸರಿಸಿದಳು. ಆಕೆಯ ನಾದಿನಿ ಎದ್ದು ಹಿತ್ತಲಿಗೆ ಓಡಿದಳು. ಸಾಲಿನಲ್ಲಿ ಕೂತವರೆಲ್ಲ ಒಬ್ಬೊಬ್ಬರಾಗಿ ಸಾರು ಬಿಟ್ಟು ಎದ್ದರು. "ಸಾರ ಯಾರ ಮಾಡ್ಯಾರ್ರಿ?" ಅಂತ ದ್ರಾಕ್ಷಾಯಿಣಿ ಮೆಲ್ಲಗೆ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಬಾಯಿ ತೆಗೆದೆ, "ಸೊಸಿ ಮಾಡ್ಯಾಳ್ರಿ" ಅಂದೆ.

ಒಗ್ಗರಣೆ ಹಾಕಿದವಳು ನೀನೇ ಅಲ್ಲವೇ, ಸುಳ್ಳೇನು ಹೇಳಿದೆ ಅಂತ ಎರಡು ದಿನ ನನಗೆ ನಾನೇ ಹೇಳಿಕೊಂಡೆ.

ಬಾಳೇಶ ಎಲ್ಲರ ಮುಂದೆ, "ಮೂಗ ಎಲ್ಲೆ ಇಟ್ಟ ಬಂದಿದ್ದಿ?" ಅಂತ ನಿನ್ನನ್ನು ಕೇಳಿದ. ನನ್ನನ್ನು ಕೇಳಬೇಕಾದ ಮಾತು. ರಾಮವ್ವ ಬಾಗಿಲಲ್ಲೇ ಇದ್ದಳು, ಬೆಳಿಗ್ಗೆ ನೀನು ಹೇಳಿದ್ದನ್ನು ಕೇಳಿದವಳು, ಅವಳೂ ಸುಮ್ಮನೆ ನಿಂತಳು. ನೀನು ಒಂದು ಮಾತು ಆಡಿದ್ದರೆ ಸಾಕಿತ್ತು. ನೀನು ನನ್ನನ್ನು ನೋಡಿದೆ, ಅಷ್ಟೇ. ನೋಡಿ, ತಾಟುಗಳನ್ನು ಎತ್ತಲು ಬಗ್ಗಿದೆ. ಮರುದಿನ ಚೀಲ ಹಿಡಿದು ಹೊರಟಾಗ ಹೊಸ್ತಿಲಲ್ಲಿ ನಿಂತು, "ಅತ್ತಿ, ಗ್ಯಾಸ್ ಬಂದ್ ಮಾಡೀನ್ರಿ" ಅಂದಿ. ಹೋಗುವಾಗ ಇದೆಂಥಾ ಮಾತು ಅಂತ ಆಗ ಅನಿಸಿತು.

ನಾಲ್ಕು ದಿನದ ಕೆಳಗೆ ಹುಣಸೆಹಣ್ಣಿಗಾಗಿ ಮೇಲಿನ ಗೂಡಿನ ಡಬ್ಬಿಗಳನ್ನು ಇಳಿಸಿದೆ. ಒಂದೊಂದರ ಮುಚ್ಚಳದ ಒಳಗೂ ನಿನ್ನ ಅಕ್ಷರದ ಚೀಟಿ. ಶೇಂಗಾ, ಇಂಥ ತಾರೀಖು. ಕೊಬ್ಬರಿ, ಇಂಥ ತಾರೀಖು. ಗುರೆಳ್ಳು ಚಟ್ನಿ, ಈ ತಿಂಗಳು ಮುಗಿಯುವುದರೊಳಗೆ ತೀರಿಸಬೇಕು. ಎಲ್ಲಕ್ಕಿಂತ ಹಳೆಯ ಚೀಟಿಯಲ್ಲಿ ಡಿಸೆಂಬರ್ ಮೂರು ಅಂತ ಇದೆ. ಆ ಸುಮಾರಿಗೇ ಒಂದು ದಿನ ಗ್ಯಾಸ್ ತೆರೆದಿಟ್ಟು ಒಲೆಯ ಮುಂದೆ ನಾನು ಸೊಪ್ಪು ಸೋಸುತ್ತಾ ಕೂತಿದ್ದೆ. ನೀನು ಹಿತ್ತಲಿನಿಂದ ಓಡಿಬಂದು ಬಂದ್ ಮಾಡಿ, ಬಾಗಿಲು ಕಿಟಕಿ ಎಲ್ಲ ತೆರೆದು, ಒಂದೂ ಮಾತಾಡದೆ ಹೋಗಿದ್ದಿ. ಅವತ್ತಿನಿಂದ ನಿನಗೆ ಗೊತ್ತಿತ್ತು. ಹಾಲನ್ನು ನನಗಿಂತ ಮೊದಲು ನೀನೇ ಕಾಸುತ್ತಿದ್ದದ್ದು, ಒಗ್ಗರಣೆಯ ಹೊತ್ತಿಗೆ ಯಾವುದಾದರೂ ನೆಪ ಮಾಡಿ ನನ್ನ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದದ್ದು ಎಲ್ಲ ಈಗ ಒಂದೊಂದೇ ನೆನಪಾಗುತ್ತದೆ. ಕೆಲಸ ಕದಿಯಲು ಬರುತ್ತಾಳೆ ಅಂತ ನಾನು ಸಿಡುಕುತ್ತಿದ್ದೆ.

ಗೊತ್ತಿದ್ದೂ ನೀನು ಅವತ್ತು ಆ ಹೆಂಗಸರ ಮುಂದೆ ನನ್ನ ಮರ್ಯಾದೆ ತೆಗೆಯಬಾರದು ಅಂತ ಒಗ್ಗರಣೆ ಹಾಕಿದೆ. ಬೀಗರ ಮುಂದೆಯೂ ಬಾಯಿ ಮುಚ್ಚಿಕೊಂಡೆ. ನಾನು ಆ ಮರ್ಯಾದೆಯನ್ನು ಏನು ಮಾಡಿದೆ ನೋಡು.

ಇನ್ನೊಂದು ಸುದ್ದಿ, ಬಾಳೇಶ ನಿನಗೆ ಹೇಳಿರಲಾರ. ಬೀಗರು ಸಂಬಂಧ ಬಿಟ್ಟಿಲ್ಲ. ಬಸವ ಜಯಂತಿಯ ಮರುದಿನ ಮತ್ತೆ ಊಟಕ್ಕೆ ಬರುತ್ತಾರೆ. ಆದರೆ ದ್ರಾಕ್ಷಾಯಿಣಿ ಹೇಳಿ ಕಳಿಸಿದ್ದಾಳೆ, "ಆ ಸೊಸಿ ಒಲಿ ಮುಂದ ಬರಬಾರದ್ರಿ" ಅಂತ. ನಿಮ್ಮ ಮಾವ ಹೂಂ ಅಂದರು. ಬಾಳೇಶ ತಲೆ ತಗ್ಗಿಸಿ ಕೂತ. ನಾನು ಅಲ್ಲೇ ಇದ್ದೆ, ಆಗಲೂ ನನ್ನ ಬಾಯಿ ತೆರೆಯಲಿಲ್ಲ. ನಿಜ ಹೇಳಿದರೆ ಹುಡುಗಿಯ ತಾಯಿ ಸುಳ್ಳುಗಾತಿ ಅಂತ ಭಾಗ್ಯಾಳ ಸಂಬಂಧವೇ ಮುರಿದರೆ? ಹೇಳದಿದ್ದರೆ ನೀನು ನಿನ್ನ ಮನೆಯಲ್ಲೇ ಒಲೆಯಿಂದ ದೂರ ನಿಲ್ಲಬೇಕು. ಹಾಸಿಗೆಗೆ ಹೋದರೂ ಇದೇ, ಎದ್ದರೂ ಇದೇ.

ಅದಕ್ಕೆ ಕೇಳುತ್ತೇನೆ, ಬಸವ ಜಯಂತಿಗೆ ಮುಂಚೆ ಬಾ ಮಗಳ. ನನ್ನ ಪಕ್ಕದಲ್ಲಿ ನಿಂತು ಮೂಸಿ ಹೇಳು, ಮಾಡುವವಳು ನಾನು ಅಂತ ಜನ ತಿಳಿಯಲಿ. ಭಾಗ್ಯಾಳ ಮದುವೆಯಾಗಿ ಆಕೆ ಹೋದ ಮೇಲೆ ನಾನೇ ಎಲ್ಲರಿಗೂ ಹೇಳುತ್ತೇನೆ, ಸ್ವಲ್ಪ ತಡೆದು, ಸಮಯ ನೋಡಿ. ಅಲ್ಲಿಯ ತನಕ ಇದು ನಿನ್ನಲ್ಲಿ ನನ್ನಲ್ಲಿ ಇರಲಿ. ಬರೆದಾದ ಮೇಲೆ ಓದಿ ನೋಡಿದರೆ ಇದರಲ್ಲೂ ನನ್ನ ಸ್ವಾರ್ಥವೇ ಕಾಣುತ್ತದೆ. ನಿನ್ನನ್ನು ಕರೆಯುತ್ತಿದ್ದೇನೋ, ನಿನ್ನ ಮೂಗನ್ನು ಕರೆಯುತ್ತಿದ್ದೇನೋ, ನನಗೇ ತಿಳಿಯದು. ಹೊಡೆದುಹಾಕಲು ಹೋದೆ, ಬೇಡ, ನಿನಗೆ ಕಾಣಲಿ ಅಂತ ಬಿಟ್ಟೆ.

ನಿಮ್ಮವ್ವಗೆ ಈ ಪತ್ರ ತೋರಿಸಬೇಡ. ಓದಿ ಒಲೆಗೆ ಹಾಕು. ಊಟ ಬಿಡಬೇಡ.

ಮುಖ ತೋರಿಸಲು ನಾಚುವ ನಿನ್ನ ಅತ್ತೆ,
ಸಾವಂತ್ರೆವ್ವ

ತಾ.ಕ.: ಬುಧವಾರ ಮಧ್ಯಾಹ್ನ. ನಿನಗೆ ಸೇರುತ್ತದೆ ಅಂತ ಶೇಂಗಾ ಹೋಳಿಗೆ ಮಾಡಿದೆ. ನಿನ್ನ ಡಬ್ಬಿಯ ಶೇಂಗಾ ಆರಕ್ಕೇ ತೀರಿತು, ಮಿಕ್ಕವಕ್ಕೆ ಬೇರೆ ಶೇಂಗಾ ಹಾಕಿದೆ. ಡಬ್ಬಿಗೆ ತುಂಬಿ ಮುಚ್ಚುವಾಗ ಕೈ ನಿಂತಿತು. ಶೇಂಗಾ ಮುಗ್ಗಲಾಗಿದ್ದರೆ? ಇನ್ನೊಮ್ಮೆ ನಿನಗೆ ಕೆಟ್ಟದ್ದನ್ನು ಉಣಿಸಿದರೆ? ಮೂಸಿದೆ, ಅದೇ ಗೋಡೆ. ಅರ್ಧ ತಾಸು ಡಬ್ಬಿಯ ಮುಂದೆ ಕೂತೆ. ಕಡೆಗೆ ಭಾಗ್ಯಾಳನ್ನು ಕರೆದು, "ಇದನ್ನಷ್ಟು ಮೂಸಿ ನೋಡ" ಅಂದೆ. "ಯಾಕವಾ, ನಿನಗ ಮೂಗಿಲ್ಲೇನ?" ಅಂತ ನಕ್ಕಳು. ಇಲ್ಲ ಅಂದೆ. ಆಮೇಲೆ ಎಲ್ಲ ಹೇಳಿದೆ. ತಲೆ ಎತ್ತಿದರೆ ಬಾಳೇಶ ಬಾಗಿಲಲ್ಲಿದ್ದ, ಎಷ್ಟು ಹೊತ್ತಿನಿಂದಲೋ.

ಭಾಗ್ಯಾ ಅತ್ತಳು. ಅತ್ತು, ಮೂಡಲಗಿಗೆ ತಾನೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟು, "ನನ್ನ ಲಗ್ನದ ಚಿಂತಿ ನೀ ಮಾಡಬ್ಯಾಡ, ಹೇಳ" ಅಂದಳು. ದ್ರಾಕ್ಷಾಯಿಣಿಗೆ ಹೇಳಿದೆ. ಸಾರು ಕೆಡಿಸಿದವಳು ನಾನು, ಸೊಸೆ ಚೆಲ್ಲೋಣ ಅಂದಿದ್ದಳು ಅಂತ. ಆಕೆ ಪೂರಾ ಕೇಳಿ ಫೋನ್ ಇಟ್ಟಳು. ಏನಾಗುತ್ತದೋ ಗೊತ್ತಿಲ್ಲ.

ಪತ್ರ ಯಲ್ಲಾರಿಯ ಕೈಯಲ್ಲಿ ಬರುವುದಿಲ್ಲ, ಬಾಳೇಶನೇ ತರುತ್ತಾನೆ. ಏನು ಮಾತಾಡಬೇಕು ಅಂತ ನನ್ನನ್ನು ಕೇಳಿದ, ನಾನು ಹೇಳಿಕೊಡಲಿಲ್ಲ. ಬರುವುದು ಬಿಡುವುದು ನಿನ್ನ ಮನಸ್ಸು. ನಿಮ್ಮವ್ವಗೂ ಓದಿ ತೋರಿಸು. ಒಲೆಗೆ ಹಾಕುವುದು ಬೇಡ.

ನೀನು ಹೋದ ಮೇಲೆ ನಾನು ಕೊಂಡ ಶೇಂಗಾದ ಹೋಳಿಗೆಗಳನ್ನು ಭಾಗ್ಯಾ ಮುಗ್ಗಲು ಅಂತ ಬೇರೆ ತೆಗೆದಳು. ನಿನ್ನ ಚೀಟಿ ಇದ್ದ ಡಬ್ಬಿಯ ಶೇಂಗಾದ ಆರು ಚೆನ್ನಾಗಿವೆಯಂತೆ. ಆ ಆರನ್ನೇ ಕಳಿಸಿದ್ದೇನೆ. ಆದರೂ ಬಿಸಿಲಲ್ಲಿ ಎರಡು ಬಸ್ಸು ಹತ್ತಿ ಇಳಿದು ಬರುವ ಬುತ್ತಿ. ತಿನ್ನುವ ಮೊದಲು ನೀನೇ ಒಮ್ಮೆ ಮೂಸಿ ನೋಡು.