ಗುಡುಗಮ್ಮ ಆರಿಸಿದ ಪೆಡಲ್

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು, ಬೆಳಗ್ಗೆ ಹತ್ತೂವರೆ

ಪ್ರೀತಿಯ ಸೊಸೆಮುದ್ದುವಿಗೆ ಅತ್ತೆಯ ಅಕ್ಕರೆಯ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ತೋರುಬೆರಳಿನ ಗುಳ್ಳೆ ಮಾಗಿತೇ, ಇಲ್ಲ ಅದರ ಮೇಲೇ ಇನ್ನೊಂದು ಎದ್ದಿದೆಯೇ? ಆ ದಪ್ಪ ತಂತಿಗಳನ್ನು ದಿನಾ ಮೂರು ಗಂಟೆ ಎಳೆದರೆ ಬೆರಳಾದರೂ ಏನು ಮಾಡೀತು. ಊರೂರಿನ ನೀರು ಕುಡಿಯುತ್ತಿದ್ದೀಯ, ಕುದಿಸಿ ಆರಿಸಿದ ನೀರು ಕೊಡಿ ಎಂದು ಕೇಳುವುದಕ್ಕೆ ನಾಚಬೇಡ. ವೇದಿಕೆ ಮೇಲೆ ಸಾವಿರ ಜನರ ಮುಂದೆ ನಿಲ್ಲುವವಳು ಹೋಟೆಲಿನವನ ಮುಂದೆ ನಾಚುವುದೇ? ಇನ್ನು ಬರುವ ವಾರವೆಲ್ಲ ಒಂದೇ ರಂಗಮಂದಿರದಲ್ಲಿ ಕಾರ್ಯಕ್ರಮ ಎಂದು ಕೇಳಿ ಸಮಾಧಾನವಾಯಿತು. ಪಾರ್ಸೆಲ್ ಕಳಿಸುವುದಕ್ಕೂ ಒಂದು ಗಟ್ಟಿ ವಿಳಾಸ ಸಿಕ್ಕಿತು.

ನಾವಿಲ್ಲಿ ಚೆನ್ನಾಗಿದ್ದೇವೆ. ನನ್ನ ಮಂಡಿ ನಾಲ್ಕು ಮೆಟ್ಟಿಲು ಹತ್ತುವ ತನಕ ನನ್ನ ಮಾತು ಕೇಳುತ್ತದೆ, ಐದನೆಯದಕ್ಕೆ ತನ್ನ ಮಾತು ಶುರು ಮಾಡುತ್ತದೆ. ನಿನ್ನ ಗಂಡ ಎಂದಿನಂತೆ ಲ್ಯಾಬಿನಲ್ಲಿ ಕಟ್ಟುಹಲ್ಲು ತಯಾರಿಸುತ್ತಾ ಕೂತಿರುತ್ತಾನೆ. ಊರವರ ಬಾಯಿಗೆಲ್ಲ ಹಲ್ಲು ಮಾಡಿಕೊಡುವವನಿಗೆ ತಾನು ಊಟ ಮಾಡಬೇಕೆಂಬುದು ಮಾತ್ರ ನೆನಪಿರುವುದಿಲ್ಲ. ನೀನಿಲ್ಲದ ಮನೆಯಲ್ಲಿ ಗಾಜಿನ ಕಪಾಟು ಈಗ ಅಲುಗುವುದಿಲ್ಲ. ನೀನು ಪಕ್ಕದ ಕೋಣೆಯಲ್ಲಿ ಬೇಸ್ ಗಿಟಾರ್ ನುಡಿಸುವಾಗ ಲೋಟಗಳು ಗಲಗಲ ಎನ್ನುತ್ತವೆ ಎಂದು ನಾನು ಎಷ್ಟು ಸಲ ಗೊಣಗಿಲ್ಲ! ಈಗ ಅವು ಗಪ್‌ಚಿಪ್ಪಾಗಿ ಕೂತಿರುವುದನ್ನು ನೋಡಿದರೆ ನನಗೇ ಬೇಸರವಾಗುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಈ ಪತ್ರದ ಜೊತೆಗಿರುವ ಡಬ್ಬದಲ್ಲಿ ನಿನ್ನ ಗಿಟಾರಿನ ದನಿ ಬದಲಿಸುವ ಹೊಸ ಸಿಂಥ್ ಪೆಡಲ್ ಇದೆ. ಆದರೆ ದಯವಿಟ್ಟು ಪತ್ರ ಪೂರ್ತಿ ಓದಿ ಆಮೇಲೆ ಡಬ್ಬ ಬಿಚ್ಚು. ಇದನ್ನು ಫೋನಿನಲ್ಲಿ ಹೇಳಬೇಕೆಂದು ಈ ವಾರ ಮೂರು ಸಲ ಹೊರಟೆ. ಮೂರು ಸಲವೂ ಅಲ್ಲಿ ಚಳಿ ಇದೆಯಾ, ಸೆಕೆ ಇದೆಯಾ ಎಂದು ಕೇಳಿ ಇಟ್ಟುಬಿಟ್ಟೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಜೋಡಿಸಿಕೊಟ್ಟವಳಿಗೆ ತನ್ನದೇ ಒಂದು ಮಾತು ದಾಟಿಸಲು ನಾಲಿಗೆ ಏಳಲಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಪ್ರವಾಸ ಹೊರಡುವ ಹಿಂದಿನ ದಿನ ಮಧ್ಯಾಹ್ನ ನೀನು ಬಟ್ಟೆ ತರಲು ಹೊರಗೆ ಹೋಗಿದ್ದೆ. ನಿನ್ನ ಕೋಣೆಯ ನೆಲದ ಮೇಲೆ ಆ ನೀಲಿ ಪೆಡಲ್ ಇತ್ತು. ನಿಮ್ಮ ತಂಡದಲ್ಲಿ ಕೀಬೋರ್ಡ್ ನುಡಿಸುವವರಿಲ್ಲ, ಆ ಕೆಲಸವನ್ನೂ ನಿನ್ನ ಬೇಸ್ ಗಿಟಾರೇ ಈ ಪೆಡಲಿನ ಮೂಲಕ ಮಾಡುತ್ತದೆ ಎಂದು ನೀನೇ ಒಮ್ಮೆ ನನಗೆ ಬಿಡಿಸಿ ಹೇಳಿದ್ದೆ. ನೀನು ಕಾಲಲ್ಲಿ ಒಮ್ಮೆ ಒತ್ತಿದರೆ ಕೆಂಪು ದೀಪ ಹತ್ತಿ, ಗುಂಯ್‌ಗುಡುವ ತಂತಿ ಇದ್ದಕ್ಕಿದ್ದಂತೆ ಯಾವುದೋ ದೊಡ್ಡ ಯಂತ್ರದ ಹೊಟ್ಟೆಯಿಂದ ಹಾಡತೊಡಗುತ್ತಿತ್ತು. ಆ ದೀಪವನ್ನು ನಾನೂ ಒಮ್ಮೆ ಹತ್ತಿಸಿ ನೋಡಬೇಕೆಂಬ ಆಸೆ ಬಂತು. ಅರವತ್ತೇಳು ವರ್ಷಕ್ಕೆ ಬರಬಾರದ ಆಸೆ. ನಿನ್ನ ಅಡಾಪ್ಟರನ್ನು ನೀನಾಗಲೇ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ್ದೆ. ನನ್ನ ಕಾಲು ಒತ್ತುವ ಯಂತ್ರದ ಅಡಾಪ್ಟರು ಕೈಗೆ ಸಿಕ್ಕಿತು. ಅದರ ತುದಿ ಪೆಡಲಿನ ತೂತಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಕೂತಿದ್ದೇ ತಡ, ಸುಟ್ಟ ವಾಸನೆ ಬಂತು. ದಾರದೆಳೆಯಷ್ಟು ಹೊಗೆಯೂ ಬಂತು. ಕಿತ್ತು ತೆಗೆದೆ, ಕಿಟಕಿ ತೆರೆದೆ, ಸೆರಗಿನಿಂದ ಒರೆಸಿದೆ, ನಿನ್ನ ಬ್ಯಾಗಿನೊಳಗೆ ಇಟ್ಟೆ. ನೀನು ಬಂದಾಗ ಟೀ ಮಾಡಿಕೊಟ್ಟೆ. ಒಂದು ಮಾತೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ನಿಮ್ಮ ಡ್ರಮ್ ಬಾರಿಸುವ ಹುಡುಗಿ, ನಮ್ಮ ಗುಡುಗಮ್ಮ, ಸಾಮಾನು ಇಳಿಸಲು ಬಂದಳು. ಎರಡನೇ ಮಹಡಿಯ ಮೆಟ್ಟಿಲಲ್ಲಿ ಆ ಬ್ಯಾಗು ಅವಳ ಕೈಜಾರಿ ಎರಡು ಮೆಟ್ಟಿಲು ಉರುಳಿತು. ನೀನು ನೋಡಿದೆ, ನಿನ್ನ ಗಂಡ ನೋಡಿದ, ನಾನೂ ನೋಡಿದೆ. ಮೊದಲ ಕಾರ್ಯಕ್ರಮದಲ್ಲಿ ಪೆಡಲ್ ಹತ್ತಲಿಲ್ಲ. ಅರ್ಧ ಹಾಡುಗಳನ್ನು ಬಿಟ್ಟು ಕೆಳಗಿಳಿಯಬೇಕಾಯಿತು. ನೀನು ಅತ್ತುಕೊಂಡು ಫೋನ್ ಮಾಡಿದೆ: "ನಂಬಿ ಅವಳ ಕೈಗೆ ಬ್ಯಾಗ್ ಕೊಟ್ನಲ್ಲ ಅತ್ತೆ! ನೋಡ್ಕೊಂಡು ಇಳಿ ಅಂತ ಅಷ್ಟು ಹೇಳಿದ್ದೆ." ಆಗ ನಾನು ಏನಂದೆ ನೆನಪಿದೆಯಾ? "ಎಲ್ಲರ ಕೈಗೂ ಎಲ್ಲಾನೂ ಕೊಡಬಾರದಮ್ಮ" ಎಂದೆ. ಆ ಮಾತನ್ನು ನಾನೇ ಆಡಿದೆ. ಎರಡನೇ ದಿನ ನೀವಿಬ್ಬರೂ ಮಾತಿಗೆ ಮಾತು ಬೆಳೆಸಿದಿರಂತೆ, ಅವಳು ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದಳಂತೆ. ಒಂದೇ ತಟ್ಟೆಯಲ್ಲಿ ಉಂಡವರು, ಆರು ವರ್ಷ ಜೊತೆಗೆ ನುಡಿಸಿದವರು. ನಿನ್ನ ಕೋಪ ರಾಂಗ್ ನಂಬರಿಗೆ ಹೋಯಿತು ಮಗಳೇ. ಹಾಗೆ ಜೋಡಿಸಿದವಳು ನಾನು.

ನಿಜ ಹೇಳುತ್ತೇನೆ, ನಾನೂ ನನ್ನನ್ನು ನಂಬಿಸಿಕೊಂಡಿದ್ದೆ. ಹೊಗೆ ಸಣ್ಣದಿತ್ತು, ಬಿದ್ದದ್ದು ಜೋರಾಗಿತ್ತು, ಬಿದ್ದಿದ್ದಕ್ಕೇ ಕೆಟ್ಟಿರಬೇಕು ಎಂದು ಹತ್ತು ಸಲ ಹೇಳಿಕೊಂಡರೆ ಹನ್ನೊಂದನೇ ಸಲಕ್ಕೆ ಅದೇ ನಿಜವೆನಿಸುತ್ತದೆ. ನೀನು ರಿಪೇರಿಗೆಂದು ಕಳಿಸಿದ ಕೆಟ್ಟ ಪೆಡಲ್ ಹೋದ ಸೋಮವಾರ ಮನೆಗೆ ಬಂತಲ್ಲ, ನಿನ್ನ ಗಂಡನಿಗೆ ಬಿಡುವಿಲ್ಲ, ನಾನೇ ಹೋಗುತ್ತೇನೆ ಎಂದೆ. ಮಂಗಳವಾರ ಸಂಗೀತದ ಸಾಮಾನಿನ ಅಂಗಡಿಗೆ ಹೋದೆ. ಯಜಮಾನರು ಕನ್ನಡಕವನ್ನು ಹಣೆಗೇರಿಸಿ, ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ಒಂದು ಕಡೆ ಕಪ್ಪಗಾಗಿತ್ತು. "ಇದು ಬಿದ್ದು ಕೆಟ್ಟಿದ್ದಲ್ಲಮ್ಮ. ಯಾರೋ ಬೇರೆ ಅಡಾಪ್ಟರ್ ಹಾಕಿದ್ದಾರೆ. ಇದಕ್ಕೆ ಒಂಬತ್ತು ವೋಲ್ಟ್ ಸಾಕು, ಇವರು ಡಬ್ಬಲ್‌ಗಿಂತ ಜಾಸ್ತಿ ಕೊಟ್ಟಿರಬೇಕು" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ನನ್ನ ಸೆರಗನ್ನು ನೋಡಿಕೊಂಡೆ. ಆ ಪೆಡಲನ್ನು ಈಗ ಯಾರೂ ತಯಾರಿಸುವುದಿಲ್ಲವಂತೆ, ಸುಟ್ಟ ಭಾಗವೂ ಸಿಗುವುದಿಲ್ಲವಂತೆ.

ಅಂಗಡಿಯಿಂದ ಮನೆಗೆ ಬರಲಿಲ್ಲ. ಗುಡುಗಮ್ಮ ಕೆಲಸ ಮಾಡುವ ಲಾಂಡ್ರಿಗೆ ನೇರವಾಗಿ ಹೋದೆ. ಒಳಗೆಲ್ಲ ಹಬೆ, ಸೋಪಿನ ವಾಸನೆ, ಗಿರಗಿರ ತಿರುಗುವ ಯಂತ್ರಗಳ ಸದ್ದು. ಅವಳು ಹೋಟೆಲಿನ ಬಿಳಿ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ನನ್ನನ್ನು ನೋಡಿ ಮುಖ ಗಂಟಿಕ್ಕಿದಳು, ಆದರೂ ಸ್ಟೂಲು ತಂದು ಹಾಕಿದಳು. ಆ ಸದ್ದಿನಲ್ಲಿ ಪಿಸುಗುಟ್ಟಿ ತಪ್ಪೊಪ್ಪಿಕೊಳ್ಳುವ ಸೌಭಾಗ್ಯವೂ ನನಗಿರಲಿಲ್ಲ. "ಪೆಡಲ್ ಸುಟ್ಟಿದ್ದು ನಾನು ಕಣೇ!" ಎಂದು ಕೂಗಬೇಕಾಯಿತು. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ಅಡಾಪ್ಟರು, ಹೊಗೆ, ಸೆರಗು ಎಲ್ಲವನ್ನೂ ಹಾಗೆಯೇ ಕೂಗಿ ಹೇಳಿದೆ.

ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಮೂರು ವಾರದಿಂದ ಎಲ್ಲಿ ಮೆಟ್ಟಿಲು ಇಳಿದ್ರೂ ನನ್ನ ಕೈನೇ ನೋಡ್ಕೋತಿದ್ದೆ ಅಮ್ಮ. ಅವಳು ಬೈದಿದ್ದಕ್ಕಲ್ಲ. ನಾನೇ ಹಾಳು ಮಾಡ್ದೆ ಅಂತ ನಾನೂ ನಂಬಿದ್ದೆ" ಎಂದಳು. ಎಂದವಳೇ ಗೋಡೆಯ ಕಡೆ ತಿರುಗಿ ಒಂದು ಹೊದಿಕೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಕೊನೆಗೆ ಕಣ್ಣೊರೆಸಿಕೊಂಡು, "ಅವಳಿಗೆ ಈಗ ಪೆಡಲ್ ಇಲ್ವಲ್ಲ, ಆ ಹಾಡುಗಳನ್ನ ಹೇಗೆ ಮಾಡ್ತಿದ್ದಾಳೆ?" ಎಂದು ಕೇಳಿದಳು. ಬಿಟ್ಟುಬಿಟ್ಟಿದ್ದಾಳಂತೆ ಎಂದೆ. "ನಾಳೆ ಮಧ್ಯಾಹ್ನ ನಂಗೆ ರಜ. ಅಂಗಡಿಗೆ ನಾನೂ ಬರ್ತೀನಿ, ನೀವೊಬ್ರೇ ಹೋದ್ರೆ ಬಣ್ಣ ನೋಡಿ ತರ್ತೀರ" ಎಂದಳು.

ಬುಧವಾರ ಇಬ್ಬರೂ ಹೋದೆವು. ಯಜಮಾನರು ಮೂರು ಪೆಡಲ್‌ಗಳನ್ನು ಸಾಲಾಗಿ ಇಟ್ಟು, ತಾವೇ ಬೇಸ್ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಕೂತರು. ಮೊದಲನೆಯದಕ್ಕೆ ಪುಟ್ಟ ಪರದೆ ಇತ್ತು, ನೂರಾರು ದನಿಗಳು ಒಳಗೇ ತುಂಬಿದ್ದವು. ಕೊಳಲೂ ಇತ್ತು, ಆರ್ಗನ್ನೂ ಇತ್ತು, ನನಗೆ ಅದೇ ಬಲು ಇಷ್ಟವಾಯಿತು. ಗುಡುಗಮ್ಮ ಗಲ್ಲಾಪೆಟ್ಟಿಗೆಯ ಮೇಲೆ ಎರಡು ಪೆನ್ಸಿಲ್ ಹಿಡಿದು ತಾಳ ಹಾಕತೊಡಗಿದಳು. ದಪ್ಪ ತಂತಿಗೆ ಬಂದೊಡನೆ, "ಇದು ತಡವಾಗಿ ಬರ್ತಿದೆ. ನಾನು ಹೊಡೆದ ಮೇಲೆ ಯೋಚನೆ ಮಾಡಿ ಮಾತಾಡುತ್ತೆ. ಬೇಡ" ಎಂದಳು. ಯಜಮಾನರು ತಲೆದೂಗಿದರು: ಯಾವ ಸ್ವರ ಎಂದು ಪೆಡಲ್ ಗುರುತು ಹಿಡಿಯಬೇಕು, ಸ್ವರ ಕೆಳಗಿಳಿದಷ್ಟೂ ಅದಕ್ಕೆ ಹೊತ್ತು ಬೇಕಂತೆ. ಎರಡನೆಯದು ಚುರುಕಾಗಿತ್ತು, ಆದರೆ ಏನು ನುಡಿಸಿದರೂ ಬಾಯಿ ಮುಕ್ಕಳಿಸಿದ ಹಾಗೆ ಗುಳುಗುಳು ಎನ್ನುತ್ತಿತ್ತು. ಒಂದು ಹಾಡಿಗೆ ಸರಿ, ಇಡೀ ಸಂಜೆಗೆ ಯಾರು ಸಹಿಸುತ್ತಾರೆ?

ಮೂರನೆಯದು ಬೂದು ಬಣ್ಣದ್ದು, ಆರೇ ಆರು ತಿರುಪು. ಅದರಲ್ಲಿ ತಂತಿಯ ಅಸಲಿ ದನಿಗೊಂದು ತಿರುಪು, ಯಂತ್ರದ ದನಿಗೊಂದು ತಿರುಪು ಬೇರೆಬೇರೆ ಇವೆ. ಯಂತ್ರದ್ದನ್ನೇ ಪೂರ್ತಿ ಏರಿಸಿದಾಗ ನಾನು, "ಇದು ಟ್ರಂಕ್ ಕಾಲ್ ಥರ ಇದೆ, ಆಳು ಎಲ್ಲೋ ದೂರ ಇದ್ದಾನೆ" ಎಂದೆ. ಯಜಮಾನರು ನಕ್ಕು ಅಸಲಿ ದನಿಯನ್ನು ಅರ್ಧದಷ್ಟು ಬೆರೆಸಿದರು. ಆಗ ಕೆಳಗೆ ನೆಲ ಗಟ್ಟಿಯಾಗಿ ನಿಂತು ಮೇಲೆ ಆ ಹೊಸ ದನಿ ಅರಳಿತು. ಪೆನ್ಸಿಲ್‌ಗಳು ನಿಲ್ಲಲಿಲ್ಲ. ಸ್ವರ ಅವಳ ಪೆಟ್ಟಿನ ಜೊತೆಜೊತೆಗೇ ಬರುತ್ತಿತ್ತು. ಅವಳು ಕಣ್ಣು ಮುಚ್ಚಿ ನಿಮ್ಮ ಕಾರ್ಯಕ್ರಮದ ಮೂರನೇ ಹಾಡಿನ ತಾಳವನ್ನು ಪೂರ್ತಿ ಬಾರಿಸಿದಳು. ಮುಗಿದ ಮೇಲೆ, "ಇದೇ" ಎಂದಳು, ಅಷ್ಟೇ. ಬಟ್ಟೆಗೆ ಗುರುತು ಹಾಕುವ ಅವಳ ಲಾಂಡ್ರಿ ಪೆನ್ನಿನಿಂದ ಪ್ರತಿ ತಿರುಪಿನ ಪಕ್ಕದಲ್ಲೂ ಗೆರೆ ಎಳೆದಳು. ಅಲ್ಲಿಂದ ಶುರು ಮಾಡಬೇಕಂತೆ, ಆಮೇಲೆ ನಿನ್ನ ಕಿವಿ ಹೇಳಿದ ಹಾಗೆ.

ಯಜಮಾನರು ಹೇಳಿದ್ದನ್ನು ಹಳೆಯ ಅಭ್ಯಾಸದಂತೆ ಚೀಟಿಯಲ್ಲಿ ಬರೆದುಕೊಂಡೆ. ನಿನಗೆ ಗೊತ್ತಿರುವುದೇ ಇರಬಹುದು, ಆದರೂ ಕೇಳು. ಗಿಟಾರಿನಿಂದ ಬರುವ ವೈರು ಮೊದಲು ಈ ಪೆಡಲಿಗೇ ಹೋಗಲಿ, ಗರಗರ ಮಾಡುವ ಇನ್ನೊಂದು ಪೆಡಲ್ ಇದರ ನಂತರ ಇರಲಿ. ದನಿ ಶುದ್ಧವಾಗಿದ್ದರೆ ಇದಕ್ಕೆ ಗುರುತು ಹಿಡಿಯುವುದು ಸುಲಭ. ಒಂದು ಹೊತ್ತಿಗೆ ಒಂದೇ ಸ್ವರ, ಮಿಕ್ಕ ತಂತಿಗಳನ್ನು ಅಂಗೈಯಿಂದ ಅದುಮಿ ಹಿಡಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಎಕ್ಸ್‌ಚೇಂಜಿನಲ್ಲಿ ನನಗೂ ತಲೆ ಕೆಡುತ್ತಿತ್ತು, ಇದಕ್ಕೂ ಹಾಗೆಯೇ. ತೀರಾ ಕೆಳಗಿನ ಸ್ವರ ಬೇಕಾದರೆ ಒಂದು ಸ್ಥಾಯಿ ಮೇಲೆ ನುಡಿಸಿ, ಕೆಳಗಿಳಿಸುವ ಕೆಲಸವನ್ನು ಪೆಡಲಿಗೇ ಬಿಡು. ಮೀಟುವ ಬಲಕ್ಕೆ ತಕ್ಕಂತೆ ಅದು ಬಾಯಿ ತೆರೆಯುತ್ತದಂತೆ, ಗುಳ್ಳೆ ಎದ್ದ ಬೆರಳಿಂದ ಗುದ್ದಬೇಡ, ಸಮನಾಗಿ ಮೀಟು. ಅದರದೇ ಅಡಾಪ್ಟರನ್ನು ನಾನು ಲಾಡಿಯಿಂದ ಪೆಡಲಿಗೆ ಬಿಗಿದು ಕಟ್ಟಿದ್ದೇನೆ. ಬಿಚ್ಚಲು ಕಷ್ಟವಾದರೆ ಬೈದುಕೋ, ಕತ್ತರಿಸಬೇಡ.

ನಿನ್ನ ಗಂಡನಿಗೆ ಮೊನ್ನೆ ಎಲ್ಲವನ್ನೂ ಹೇಳಿದೆ. "ಮೊದಲು ಅವಳಿಗೆ ಹೇಳಮ್ಮ" ಎಂದ. ಈಗ ನಿನಗೆ ಹೇಳಿದ್ದೇನೆ. ನೀನು ಬೈಯುವಷ್ಟು ಬೈ, ನಾನು ಫೋನ್ ಇಡುವುದಿಲ್ಲ. ಬಾಡಿಗೆಗೆ ಬಂದಿರುವ ಡ್ರಮ್ಮಿನವನು ಈ ರಂಗಮಂದಿರದ ತನಕ ಮಾತ್ರ ಎಂದಿದ್ದೆಯಲ್ಲ, ಆಮೇಲೇನು ಎಂದು ನಾನು ಕೇಳುವುದಿಲ್ಲ, ಅದು ನಿಮ್ಮ ತಂಡದ ವಿಷಯ. ಊಟ ಬಿಡಬೇಡ. ನಿನ್ನ ಜೊತೆಗಿರುವ ಎಲ್ಲರಿಗೂ ನನ್ನ ನೆನಪು ತಿಳಿಸು. ನಿನ್ನ ಕೈಬೆರಳು ಹತ್ತೂ ಚೆನ್ನಾಗಿರಲಿ.

ಮುಖ ತೋರಿಸಲು ನಾಚುತ್ತಿರುವ,
ನಿನ್ನ ಅತ್ತೆ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ಇದನ್ನು ನಿನಗೆ ತಿಳಿಸುವುದಿಲ್ಲ ಎಂದು ಗುಡುಗಮ್ಮನಿಗೆ ಮಾತು ಕೊಟ್ಟಿದ್ದೆ. ಬೇರೊಂದು ತಂಡದವರು ಅವಳನ್ನು ಕರೆದಿದ್ದಾರೆ. ಪ್ರವಾಸಿ ಹಡಗಿನಲ್ಲಿ ನುಡಿಸುವ ಕೆಲಸ, ಎರಡು ವರ್ಷ ಈ ಕಡೆ ಬರುವಂತಿಲ್ಲ. ಶುಕ್ರವಾರ ಸಂಜೆಯೊಳಗೆ ಉತ್ತರ ಹೇಳಬೇಕು. "ಅವಳು ತಾನಾಗೇ ಕರೆದ್ರೆ ತಂಡಕ್ಕೆ ವಾಪಸ್ ಹೋಗ್ತೀನಿ ಅಮ್ಮ. ಹಡಗಿನ ಸುದ್ದಿ ಕೇಳಿ ಹೆದರ್ಕೊಂಡು ಕರೆಯೋದು ಬೇಡ" ಎಂದಳು. ಕೊಟ್ಟ ಮಾತು ಮುರಿದ ಪಾಪ ನನಗಿರಲಿ, ಈಗಾಗಲೇ ಇರುವುದರ ಜೊತೆಗೆ ಇದೂ ಒಂದು. ಪಾರ್ಸೆಲ್ ನಿನಗೆ ಬುಧವಾರ ತಲುಪುತ್ತದೆ. ಬುಧವಾರವೇ ಫೋನ್ ಮಾಡು, ಹಡಗಿನ ಮಾತು ಎತ್ತಬೇಡ. ಮಧ್ಯಾಹ್ನ ಒಂದರಿಂದ ಎರಡರ ತನಕ ಲಾಂಡ್ರಿಯಲ್ಲಿ ಯಂತ್ರಗಳು ನಿಂತಿರುತ್ತವೆ. ಮೆಲ್ಲಗೆ ಮಾತಾಡಿದರೂ ಅವಳಿಗೆ ಕೇಳಿಸುತ್ತದೆ.