ಲೆನ್ಸ್ ತಿರುಗಿಸಿದ ಕೈ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಗುಬ್ಬಿಗೆ,

ಹೇಗಿದ್ದೀಯಾ? ಐದು ವರ್ಷ ಒಂದು ಸಾಲೂ ಬರೆಯದವನು ಈಗ ಕ್ಷೇಮ ವಿಚಾರಿಸಿದರೆ ನಿನಗೆ ಮೈಯೆಲ್ಲ ಉರಿಯುತ್ತದೆ, ಗೊತ್ತು. ಮಷೀನ್ ರೂಮಿನಲ್ಲಿ ನನ್ನ ಕೈಕೆಳಗಿದ್ದ ನಿನ್ನನ್ನು ಟಾಕೀಸಿನಿಂದ ಹೊರಗೆ ಹಾಕಿಸಿದವನು ನಾನೇ. ಹಾಗಂತ ಹರಿದು ಎಸೆಯಬೇಡ ಕಣೋ, ಕೊನೆಯವರೆಗೂ ಓದು. ಅಕ್ಷರ ಇಷ್ಟು ಮುದ್ದಾಗಿದೆಯೆಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಮಗಳು ಬರೆಯುತ್ತಿದ್ದಾಳೆ. ಯಾಕೆಂದು ಮುಂದೆ ತಿಳಿಯುತ್ತದೆ.

ಮಗಳ ಮನೆಗೆ ಬಂದು ಹದಿನೈದು ದಿನವಾಯಿತು. ಈ ಊರಿನ ತಲೆಬುಡ ನನಗೆ ಗೊತ್ತಿಲ್ಲ. ಹೋದ ಭಾನುವಾರ ಅವಳು, "ಅಪ್ಪಾ, ಮಾಲ್‌ಗೆ ಹೋಗೋಣ, ಮೇಲ್ಗಡೆ ಸಿನಿಮಾನೂ ಇದೆ" ಅಂದಳು. ಬಾಗಿಲಲ್ಲೇ ನನ್ನ ಜೇಬು ತಡಕಿದರು. ಲೆನ್ಸ್ ಒರೆಸುವ ಹಳೇ ಬಟ್ಟೆ ಸಿಕ್ಕಿತು. "ಏನಿದು?" ಎಂದ ಕಾವಲಿನವ. "ನನ್ನ ನೌಕರಿ" ಅಂದೆ. ಪುಣ್ಯಾತ್ಮ ನಗಲೂ ಇಲ್ಲ. ಒಳಗೆ ಚಲಿಸುವ ಮೆಟ್ಟಿಲಿನ ಮುಂದೆ ನಿಂತುಬಿಟ್ಟೆ. ಒಂದು ಮೆಟ್ಟಿಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದೇ ತಿಳಿಯಲಿಲ್ಲ. ಹಿಂದಿದ್ದವರು ಗೊಣಗಿದರು, ಮಗಳು ಕೈಹಿಡಿದು ಹತ್ತಿಸಿದಳು.

ಸಿನಿಮಾ ಶುರುವಾಯಿತು. ಪರದೆ ಪೂರ್ತಿ ಮಬ್ಬು! ನಾಯಕಿಗೆ ಮೂಗೇ ಇಲ್ಲ. ಮೂವತ್ತೆರಡು ವರ್ಷ ಪ್ರೊಜೆಕ್ಟರ್ ಮಷೀನ್ ನಡೆಸಿದವನು ಸುಮ್ಮನೆ ಹೇಗೆ ಕೂರಲಿ? ಎದ್ದು ಹಿಂದಿನ ಗೋಡೆಯ ಕಿಂಡಿಯ ಕಡೆ ತಿರುಗಿ, "ಫೋಕಸ್! ಫೋಕಸ್ ನೋಡ್ರೋ!" ಎಂದು ಕೂಗಿದೆ.

ಮಗಳು ಅಂಗಿ ಜಗ್ಗಿದಳು. "ಅಪ್ಪಾ, ಕೂತ್ಕೊಳ್ಳಿ. ಎಲ್ರೂ ನಮ್ಮನ್ನೇ ನೋಡ್ತಿದ್ದಾರೆ."

"ನೋಡ್ಲಿ ಬಿಡು. ಇವರೆಲ್ಲ ಮಬ್ಬು ನೋಡೋಕೆ ಬಂದಿದ್ದಾರಾ?"

ಸಿಬ್ಬಂದಿ ಇಬ್ಬರು ಬಂದು ನನ್ನ ರಟ್ಟೆ ಹಿಡಿದು ಹೊರಗೆ ನಡೆಸಿದರು. ಮ್ಯಾನೇಜರ್ ಬಂದಳು, ನನ್ನ ಮಗಳಿಗಿಂತ ಚಿಕ್ಕವಳು. "ಆಪರೇಟರ್‌ನ ಕರೀರಿ" ಎಂದು ಪಟ್ಟು ಹಿಡಿದೆ.

"ಆಪರೇಟರ್ ಇಲ್ಲ ಸರ್, ಎಲ್ಲ ಕಂಪ್ಯೂಟರೇ."

"ಹಾಗಾದ್ರೆ ನನ್ನ ಒಳಗೆ ಬಿಡಿ. ಅರ್ಧ ನಿಮಿಷದ ಕೆಲಸ."

ನನ್ನ ಗಲಾಟೆ ಮುಗಿದರೆ ಸಾಕೆಂದು ಅವಳು ಮಷೀನ್ ರೂಮಿಗೇ ಕರೆದೊಯ್ದಳು, ಮಗಳೂ ಹಿಂದೆಯೇ ಬಂದಳು. ಕುರ್ಚಿ ಕೂಡ ಇಲ್ಲದ ರೂಮು ಕಣೋ. ಕಿಂಡಿಯಲ್ಲಿ ಇಣುಕಿದೆ, ಅದೇ ಮಬ್ಬು. "ನೀವೇ ನೋಡಿ!" ಎಂದೆ ಗೆದ್ದವನ ಹಾಗೆ.

"ಸರ್, ಪರದೆ ಕೆಳಗಡೆ ಬರ್ತಿರೋ ಸಾಲು ಓದ್ತೀರಾ?"

"ಸಾಲಾ? ಯಾವ ಸಾಲು?"

ಮಗಳು ಕಿಂಡಿಗೆ ಮುಖವಿಟ್ಟು ಒಂದಕ್ಷರ ಬಿಡದೆ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಅಪ್ಪಾ, ಎಷ್ಟು ದಿನದಿಂದ ಹೀಗೆ?" ಎಂದಳು. ನಾನು ಜೇಬಿನ ಬಟ್ಟೆ ತೆಗೆದು ಕಿಂಡಿಯ ಗಾಜು ಒರೆಸಿ ಇನ್ನೊಮ್ಮೆ ಇಣುಕಿದೆ.

ಮಾರನೆಯ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಎಳೆದೊಯ್ದಳು. "ಇದು ನಿನ್ನೆ ಮೊನ್ನೇದಲ್ಲ. ಆರೇಳು ವರ್ಷದಿಂದ ನಿಧಾನಕ್ಕೆ ನರ ಸೋಲ್ತಾ ಬಂದಿದೆ. ಹೋಗಿರೋ ದೃಷ್ಟಿ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ" ಎಂದರು. ಅವರು ಇನ್ನೂ ಏನೇನೋ ಹೇಳಿದರು. ನನ್ನ ತಲೆಯಲ್ಲಿ ಮಾತ್ರ ನಮ್ಮ ಟಾಕೀಸಿನ ಜನ ಸೀಟಿ ಹೊಡೆದು "ಫೋಕಸ್!" ಎಂದು ಕೂಗುತ್ತಿದ್ದರು. ನೀನು ಸರಿಯಾಗಿಟ್ಟ ಲೆನ್ಸನ್ನು ನಾನೇ ತಿರುಗಿಸಿ ಕೆಡಿಸುತ್ತಿದ್ದೆ ಗುಬ್ಬಿ. ಯಜಮಾನರು ಕರೆದು ಕೇಳಿದಾಗ ನಿನ್ನ ಕಡೆ ಬೆರಳು ತೋರಿಸಿದೆ. ಗೊತ್ತಿಲ್ಲದೆ ಆಯಿತು, ಕ್ಷಮಿಸು.

ನಿನ್ನ ಹೆಂಡತಿ, ಮಕ್ಕಳೆಲ್ಲ ಸುಖವಾಗಿರಲಿ. ನಿನ್ನ ಕಣ್ಣು ಕೊನೆಯವರೆಗೂ ಚುರುಕಾಗಿರಲಿ.

ನಿನ್ನ
ಆಪರೇಟರ್ ಅಣ್ಣ

ತಾ.ಕ.: ಇಲ್ಲಿಂದ ನನ್ನದೇ ಕೈಬರಹ, ಸಾಲು ಸೊಟ್ಟಗಾದರೆ ಹೇಗೋ ಓದಿಕೋ. ಮಗಳಿಂದ ಇದನ್ನು ಬರೆಸಲು ಬಾಯಿ ಬರಲಿಲ್ಲ. ಗೊತ್ತಿಲ್ಲದೆ ಆಯಿತು, ಯಜಮಾನರೇ ಕರೆದು ಕೇಳಿದರು ಎಂದದ್ದು ಸುಳ್ಳು. ನಿನ್ನನ್ನು ತೆಗೆದ ಹಿಂದಿನ ದಿನ ರೀಲು ಸುತ್ತುತ್ತಾ ನೀನು, "ಅಣ್ಣಾ, ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ. ನಾನು ಯಾರಿಗೂ ಹೇಳಲ್ಲ" ಅಂದಿದ್ದೆ. ಹೇಳಿಬಿಡುತ್ತೀಯೆಂದು ಹೆದರಿ, ನಾನೇ ಮೊದಲು ಯಜಮಾನರ ಹತ್ತಿರ ಹೋಗಿ, ಮಬ್ಬಿಗೆಲ್ಲ ನೀನೇ ಕಾರಣ ಎಂದೆ. ನೀನು ಅವತ್ತು ಅವರ ಮುಂದೆ ತಲೆ ತಗ್ಗಿಸಿ ನಿಂತೆ. ಕೊಟ್ಟ ಮಾತಿನಂತೆ ಯಾರಿಗೂ ಹೇಳಲಿಲ್ಲ.