ಕಿನು ಅಜ್ಜಿಗೊಂದು ಹಾರ್ನ್

ಸಕಾತಾ,
ನವೆಂಬರ್ ೧೪

ಪ್ರೀತಿಯ ಮಾವನವರಿಗೆ ನಿಮ್ಮ ಸೊಸೆ ತೊಮೋಎ ಮಾಡುವ ನಮಸ್ಕಾರಗಳು.

ಸೊಂಟದ ನೋವು ಹೇಗಿದೆ? ಅತ್ತಿಗೆಯವರ ಮನೆಯ ಮಿಸೊ ಸಾರು ಸಪ್ಪೆ ಎಂದು ಬರೆದಿದ್ದೀರಿ. ಡಾಕ್ಟರು ಉಪ್ಪು ಬೇಡವೆಂದರೆ ಅವರೇನು ಮಾಡಿಯಾರು? ಸುಮ್ಮನೆ ಕುಡಿಯಿರಿ, ಕೋಲು ಹಿಡಿದೇ ನಡೆಯಿರಿ. ನಿಮ್ಮ ಮಗ ಕ್ಷೇಮ. ಸ್ಕೂಲು, ಪರೀಕ್ಷೆ, ಉತ್ತರಪತ್ರಿಕೆ. ಬಾನೆಟ್ ಎತ್ತುವುದು ಯಾವ ಕಡೆಯಿಂದ ಎಂಬುದು ಅವರಿಗೆ ಈಗಲೂ ತಿಳಿಯದು.

ತಿಂಗಳ ಕೊನೆಗೆ ಅಂಗಡಿ ಮುಚ್ಚಿಬಿಡು, ಕಾರಿನ ವೈರಿಂಗು ಹೆಂಗಸರ ಕೈಗೆ ಹತ್ತುವ ಕೆಲಸವಲ್ಲ ಎಂದೂ ಬರೆದಿದ್ದೀರಿ. ಓದಿ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಹನ್ನೊಂದು ವರ್ಷ ನಿಮ್ಮ ಪಕ್ಕ ಟಾರ್ಚ್ ಹಿಡಿದು ನಿಂತವಳು ನಾನು. ಆದರೂ ನಿನ್ನೆಯವರೆಗೆ ನನಗೂ ಒಳಗೊಳಗೆ ಅಳುಕಿತ್ತು.

ನಿನ್ನೆ ಬೆಳಿಗ್ಗೆ ಮಿನೆಗಿಶಿ ತನ್ನ ಶವದ ಗಾಡಿ ತಂದು ನಿಲ್ಲಿಸಿದ. ತೋಫು ಅಂಗಡಿಯ ಕಿನು ಅಜ್ಜಿ ತೀರಿಕೊಂಡರು, ಮಾವ. ತೊಂಬತ್ತೊಂದು ವರ್ಷ, ನಿದ್ದೆಯಲ್ಲೇ ಹೋದರಂತೆ, ಪುಣ್ಯವಂತೆ. ಒಂದು ಗಂಟೆಗೆ ಗಾಡಿ ಹೊರಡಬೇಕು. ಅಜ್ಜಿ ಎರಡೇ ಆಸೆ ಹೇಳಿಟ್ಟಿದ್ದರು: ದಾರಿಯುದ್ದಕ್ಕೂ ಗಂಡ ಹಾಡಿದ್ದ ಕ್ಯಾಸೆಟ್ ಹಾಕಬೇಕು, ಹೊರಡುವಾಗ ಹಳೇ ಕ್ರಮದಂತೆ ಒಂದು ಉದ್ದ ಹಾರ್ನ್ ಹೊಡೆಯಬೇಕು. ನಮ್ಮೂರಲ್ಲಿ ಹಾರ್ನ್ ಮುಟ್ಟುವವರಾದರೂ ಯಾರು? ಮುಂದಿನವನು ಹಸಿರು ದೀಪದಲ್ಲಿ ತೂಕಡಿಸಿದರೂ ಅವನಿಗೆ ಎಚ್ಚರವಾಗುವ ತನಕ ಕಾಯುವ ಜನ ನಾವು. ಅಕ್ಕಪಕ್ಕದವರಿಗೆ ತೊಂದರೆಯೆಂದು ಈಚೆಗೆ ಶವದ ಗಾಡಿಯವರೂ ಹಾರ್ನ್ ಬಿಟ್ಟಿದ್ದರಲ್ಲ, ಹಾಗಾಗಿ ಅದು ಕೆಟ್ಟಿದ್ದೇ ಮಿನೆಗಿಶಿಗೆ ಗೊತ್ತಿರಲಿಲ್ಲ. ಒತ್ತಿದರೆ ನೆಗಡಿ ಹಿಡಿದ ಬಾತಿನ ಹಾಗೆ ಕೊರಗುತ್ತಿತ್ತು, ಅದೇ ಹೊತ್ತಿಗೆ ಸ್ಟೀರಿಯೋ ಕಿರ್ರೆಂದು ಚೀರುತ್ತಿತ್ತು. ಹಾರ್ನ್ ಒತ್ತದಿದ್ದರೂ ಆಕ್ಸಿಲರೇಟರ್ ತುಳಿದಂತೆಲ್ಲ ಹಾಡಿನ ಹಿಂದೆ ಗುಂಯ್‌ಗುಟ್ಟುವ ಸದ್ದು ಏರುತ್ತಿತ್ತು.

"ನಿಮ್ಮ ಮಾವ ಇಲ್ವಾ? ಹಾಗಾದ್ರೆ ತ್ಸುರುಓಕಾ ಪೇಟೆಯ ಗ್ಯಾರೇಜಿಗೆ ಒಯ್ತೀನಿ ಬಿಡಿ" ಎಂದ.

"ಮಧ್ಯಾಹ್ನ ಒಂದರೊಳಗೆ ಹೋಗಿ ಬರೋಕಾಗುತ್ತಾ? ಗಾಡಿ ಒಳಗೆ ತನ್ನಿ, ಮಿನೆಗಿಶಿ. ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಪಕ್ಕದಲ್ಲೇ ಕೂತು ನೋಡಿ" ಎಂದೆ. ಕೂತ, ಪಾಪ, ಮುಖ ಹುಳ್ಳಗೆ ಮಾಡಿಕೊಂಡು.

ಮೊದಲು ಹಾರ್ನನ್ನೇ ಅನುಮಾನಿಸಿ ಬಿಚ್ಚಿದೆ, ಬೇರೊಂದು ಹಾಕಿದೆ. ಅದೂ ಹಾಗೇ ಕೊರಗಿತು. ಫ್ಯೂಸ್, ರಿಲೇ ಎಲ್ಲ ಸರಿಯಿದ್ದವು. ಹನ್ನೊಂದು ಹೊಡೆಯಿತು. ಆಮೇಲೆ ಒಂದು ತುಂಡು ವೈರು ತೆಗೆದು ಹಾರ್ನಿನ ಮೈಯಿಂದ ನೇರ ಬ್ಯಾಟರಿಯ ಮೈನಸ್ಸಿಗೆ ತಾಗಿಸಿ ಒತ್ತಲು ಹೇಳಿದೆ. ಬೀದಿಯೆಲ್ಲ ಬೆಚ್ಚಿಬೀಳುವಂತೆ ಕೂಗಿತು, ಸ್ಟೀರಿಯೋ ತುಟಿಪಿಟಕ್ಕೆನ್ನಲಿಲ್ಲ. ದೋಷ ಅರ್ತ್ ವೈರಿನದು. ಹಾರ್ನಿಗೂ ಸ್ಟೀರಿಯೋಗೂ ಒಂದೇ ಬೋಲ್ಟಿನಲ್ಲಿ ಅರ್ತ್ ಕೊಟ್ಟಿತ್ತು, ಅದೂ ಸರಿಯಾಗಿ ಹಿಡಿದಿರಲಿಲ್ಲ. ಕರೆಂಟು ವಾಪಸು ಹೋಗಲು ದಾರಿ ಕಾಣದೆ ಸ್ಟೀರಿಯೋ ಮೂಲಕ ನುಸುಳುತ್ತಿತ್ತು. ಲೋಹ ಹೊಳೆಯುವ ತನಕ ಉಜ್ಜಿ, ಎರಡಕ್ಕೂ ಬೇರೆ ಬೇರೆ ಬೋಲ್ಟು ಹಾಕಿ ಬಿಗಿದೆ. ಗುಂಯ್ ಎನ್ನುವುದೂ ನಿಂತಿತು.

ಒಂದು ಗಂಟೆಗೆ ನಾನೂ ಕಪ್ಪು ಬಟ್ಟೆ ತೊಟ್ಟು ಹೋಗಿ ನಿಂತೆ. ಉಗುರಲ್ಲಿ ಮಸಿ ಹಾಗೇ ಇತ್ತು. ಮಿನೆಗಿಶಿ ಹಾರ್ನ್ ಒತ್ತಿದ. ಎಷ್ಟು ಉದ್ದ, ಎಷ್ಟು ತುಂಬಿದ ದನಿ! ಎಲ್ಲರೂ ಕೈಮುಗಿದು ತಲೆ ಬಾಗಿಸಿದರು. ಆಮೇಲೆ ಕಿಟಕಿಯಿಂದ ಆ ಮುದುಕಪ್ಪನ ಅಪಸ್ವರದ ಹಾಡು. ಅಜ್ಜಿಯ ಮಗಳು ಅಳುತ್ತಳುತ್ತಲೇ ನಕ್ಕಳು. ನನಗೂ ಅಳು ಬಂತು ಮಾವ, ಆದರೆ ದುಃಖಕ್ಕಲ್ಲ.

ಚಳಿ ಹೆಚ್ಚುತ್ತಿದೆ, ಹೊಟ್ಟೆಗೆ ಉಣ್ಣೆಪಟ್ಟಿ ಕಟ್ಟಿಕೊಳ್ಳಿ. ಅತ್ತಿಗೆಯವರಿಗೆ ನನ್ನ ನೆನಪು ಹೇಳಿ.

ನಿಮ್ಮ ಸೊಸೆ,
ತೊಮೋಎ

ಮರೆತಿದ್ದೆ: ಆ ಬೋಲ್ಟನ್ನು ಬಣ್ಣ ಕೆರೆಯದೆ ಹಾಗೇ ಬಿಗಿದವರು ನೀವೇ, ಈ ವಸಂತದಲ್ಲಿ ಸ್ಟೀರಿಯೋ ಕೂರಿಸಿದಾಗ. ಬೋಲ್ಟಿಗೆ ತುಕ್ಕು ಹಿಡಿದಿತ್ತು ಎಂದು ಮಿನೆಗಿಶಿಗೆ ಹೇಳಿದೆ. ನಿಮ್ಮ ಮಗನಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಅಂಗಡಿ ಮುಚ್ಚುವುದಿಲ್ಲ. ಸೋಮವಾರಕ್ಕೆ ಎರಡು ಕಾರು ಒಪ್ಪಿಕೊಂಡಿದ್ದೇನೆ. ಬೈಯುವುದಿದ್ದರೆ ಕಾಗದದಲ್ಲಿ ಬೇಡ, ಎದ್ದು ನಡೆದು ಬಂದು ಬೈಯಿರಿ.